ಮಲಗುವ ಹೊತ್ತಿನ ಚಿತ್ರಪುಸ್ತಕಕ್ಕೆ ಹಾಡು ಹೊಂದಿಸುವುದು ಹೇಗೆ?

ನಮ್ಮ ವಾಚನಾಲಯದಲ್ಲಿ ಮಕ್ಕಳ ಕತೆಯ ಹೊತ್ತು ಮುಗಿದು ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ‘ರಾತ್ರಿ ಪುಸ್ತಕ ಓದುವಾಗ ಮೊಬೈಲಿನಲ್ಲಿ ಹಾಡು ಇಡಬಹುದಾ? ಯಾವ ಹಾಡು? ನನಗೆ ಹಾಡಲಿಕ್ಕೆ ಬರುವುದಿಲ್ಲ, ಏನು ಮಾಡಲಿ?’ ಅಲ್ಲಿ ನಿಂತುಕೊಂಡು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಕ್ರಮವಾಗಿ ಬರೆಯುತ್ತಿದ್ದೇನೆ. ಒಂದರಿಂದ ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಇದು ಆಗುತ್ತದೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಓದು ಮತ್ತು ಹಾಡು ಒಟ್ಟೊಟ್ಟಿಗೆ ಓಡಬಾರದು. ಓದು ಮಗುವನ್ನು ನಿದ್ದೆಯ ಬಾಗಿಲವರೆಗೆ ಕರೆದುಕೊಂಡು ಬರಬೇಕು, ಅಲ್ಲಿಂದ ಹಾಡು ಎತ್ತಿಕೊಳ್ಳಬೇಕು.

ಕಾರಣ ಉಂಟು. ಗದ್ದಲದ ನಡುವೆ ಮಾತನ್ನು ಹೆಕ್ಕಿ ತೆಗೆಯುವ ಶಕ್ತಿ ದೊಡ್ಡವರಷ್ಟು ಚಿಕ್ಕ ಮಕ್ಕಳಿಗೆ ಇರುವುದಿಲ್ಲ. ಹಿಂದಿನಿಂದ ಹಾಡು ಕೇಳುತ್ತಿದ್ದರೂ ನಿಮಗೆ ಕತೆ ಅರ್ಥವಾಗುತ್ತದೆ, ಮೂರು ವರ್ಷದ ಮಗುವಿಗೆ ಅರ್ಧ ಶಬ್ದಗಳು ತಪ್ಪಿಹೋಗುತ್ತವೆ. ಅಷ್ಟಾಗಿ ಕಿವಿಗೆ ಬೀಳದ ಭಾಷೆಯಾದರೆ ಇನ್ನೂ ಕಷ್ಟ. ನಮ್ಮ ಕಾಸರಗೋಡಿನಲ್ಲಿ ಇದನ್ನು ಮರೆಯುವ ಹಾಗಿಲ್ಲ. ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಹೇಳಿಕೊಳ್ಳುವ ಈ ನೆಲದಲ್ಲಿ ಮಗು ಅಜ್ಜಿಯ ಹತ್ತಿರ ತುಳುವೋ ಹವ್ಯಕವೋ ಕೊಂಕಣಿಯೋ ಮಾತಾಡುತ್ತದೆ, ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯಲ್ಲಿ, ಟೀವಿಯಲ್ಲಿ ಮಲಯಾಳ ನೋಡಿ ಕೇಳಿ ಬೆಳೆಯುತ್ತದೆ. ಪುಸ್ತಕದ ಕನ್ನಡ ಅದರ ಕಿವಿಗೆ ನೆಮ್ಮದಿಯಾಗಿ ಬೀಳುವುದು ಕೆಲವು ಮನೆಗಳಲ್ಲಿ ರಾತ್ರಿಯ ಆ ಇಪ್ಪತ್ತು ನಿಮಿಷ ಮಾತ್ರ. ಅದರ ಮೇಲೆ ಹಾಡಿನ ಶಬ್ದ ಸುರಿಯಬೇಡಿ.

ಬೇಕಾದ ವಸ್ತುಗಳು

ಮೂರು ಅಥವಾ ನಾಲ್ಕು ಚಿತ್ರಪುಸ್ತಕ, ಹಳದಿ ಬೆಳಕಿನ ಒಂದು ಚಿಕ್ಕ ದೀಪ, ನಿಮ್ಮ ಸ್ವರ. ಇಷ್ಟು ಸಾಕು. ಶ್ರುತಿಪೆಟ್ಟಿಗೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆ ಇಲ್ಲ. ಬಲ್ಬ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ 2700 ಕೆಲ್ವಿನ್ ಎಂದು ಬರೆದದ್ದನ್ನು ನೋಡಿ ತನ್ನಿ. ಕೆಲ್ವಿನ್ ಎಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ. ಅಂಕೆ ಕಡಿಮೆಯಾದಷ್ಟು ಬೆಳಕು ದೀಪದ ಬತ್ತಿಯ ಬಣ್ಣಕ್ಕೆ ಹತ್ತಿರ, 6500 ಎಂದಿದ್ದರೆ ಅದು ಟ್ಯೂಬ್‌ಲೈಟಿನ ಬಿಳಿ. ನಿದ್ದೆ ತರಿಸುವ ಮೆಲಟೊನಿನ್ ಎಂಬ ರಸ ಮೈಯಲ್ಲಿ ಊರಬೇಕಾದರೆ ಕತ್ತಲಾಗುತ್ತಿದೆ ಎಂದು ಕಣ್ಣಿಗೆ ಗೊತ್ತಾಗಬೇಕು. ಬಿಳಿ, ನೀಲಿ ಬೆಳಕು ಅದನ್ನು ತಡೆಯುತ್ತದೆ. ಮೊಬೈಲಿನ ಪರದೆಯಲ್ಲಿ ಕತೆ ತೋರಿಸಬೇಡಿ ಎಂದು ಹೇಳುವುದು ಇದಕ್ಕೇ.

ಹಂತ 1: ಹೊತ್ತು ಗೊತ್ತು ಮಾಡಿಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಒಂದು, ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು, ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಈ ಲೆಕ್ಕದಲ್ಲಿ ಸೇರಿದೆ. ಬೆಳಿಗ್ಗೆ ಆರೂವರೆಗೆ ಏಳಬೇಕಾದ ಮಗು ರಾತ್ರಿ ಎಂಟೂವರೆಗೆ ಮಲಗಿದರೆ ಹತ್ತು ಗಂಟೆ ಆಯಿತು. ಹಾಗಾದರೆ ಪುಸ್ತಕ ಎಂಟು ಗಂಟೆಗೆ ಕೈಗೆ ಬರಬೇಕು. ಊಟ, ಹಲ್ಲುಜ್ಜುವುದು, ಮೂತ್ರಕ್ಕೆ ಹೋಗಿ ಬರುವುದು ಎಲ್ಲ ಅದಕ್ಕೂ ಮೊದಲೇ ಮುಗಿದಿರಲಿ. ಹಾಡಿನ ನಡುವೆ ‘ಅಮ್ಮ, ನೀರು’ ಎಂದು ಎದ್ದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಹೊರಗಿನ ಸದ್ದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹತ್ತಿರದ ಮಸೀದಿಯ ರಾತ್ರಿಯ ಬಾಂಗು, ಭಜನಾ ಮಂದಿರದ ಮೈಕು, ಆಚೆಮನೆಯ ಧಾರಾವಾಹಿ, ಇವೆಲ್ಲ ಯಾವ ಹೊತ್ತಿಗೆ ಎಂದು ನಿಮಗೆ ಗೊತ್ತೇ ಇರುತ್ತದೆ. ಅದರ ಜೊತೆ ಪೈಪೋಟಿಗೆ ಇಳಿದು ಸ್ವರ ಏರಿಸಬೇಡಿ, ಹತ್ತು ನಿಮಿಷ ಹಿಂದೆಯೋ ಮುಂದೆಯೋ ಇಟ್ಟುಕೊಳ್ಳಿ. ಜಾತ್ರೆ, ತೆಯ್ಯಂ, ಯಕ್ಷಗಾನದ ಆಟದ ದಿನಗಳಲ್ಲಿ ಈ ಕ್ರಮ ತಪ್ಪುತ್ತದೆ, ತಪ್ಪಲಿ. ಮರುದಿನ ಅದೇ ಹೊತ್ತಿಗೆ ಮತ್ತೆ ಹಿಡಿದರಾಯಿತು.

ಹಂತ 2: ಪುಸ್ತಕ ಆರಿಸಿ

ರಾತ್ರಿಗೆ ಎಲ್ಲ ಚಿತ್ರಪುಸ್ತಕವೂ ಆಗುವುದಿಲ್ಲ. ಹುಲಿ ಬೆನ್ನಟ್ಟಿದ ಕತೆ, ನಗಿಸಿ ಉರುಳಾಡಿಸುವ ಕತೆ, ಮುಚ್ಚಳ ಎತ್ತಿ ನೋಡುವ ಆಟದ ಪುಸ್ತಕ ಎಲ್ಲ ಹಗಲಿಗೆ ಇರಲಿ. ರಾತ್ರಿಯ ಪುಸ್ತಕದಲ್ಲಿ ನೋಡಬೇಕಾದ್ದು ಮೂರು: ಪುಟಕ್ಕೆ ಒಂದೆರಡು ಸಾಲಿಗಿಂತ ಹೆಚ್ಚು ಬರಹ ಇರಬಾರದು, ಒಂದೇ ಮಾತು ಮತ್ತೆ ಮತ್ತೆ ಬರಬೇಕು, ಕೊನೆಯ ಪುಟದಲ್ಲಿ ಯಾರಾದರೂ ಮನೆಗೆ ಮುಟ್ಟಿರಬೇಕು ಅಥವಾ ಮಲಗಿರಬೇಕು. ಮೂರನೆಯದನ್ನು ತುಂಬ ಜನ ನೋಡುವುದಿಲ್ಲ. ಕೊನೆಯ ಚಿತ್ರದಲ್ಲಿ ಮಂಗ ಮರದಿಂದ ಮರಕ್ಕೆ ಹಾರುತ್ತಿದ್ದರೆ ಮಗುವೂ ಹಾಸಿಗೆಯಿಂದ ಹಾರುತ್ತದೆ.

ಪುಸ್ತಕ ಎಲ್ಲಿಂದ ಎಂದು ಕೇಳುತ್ತೀರಿ. ಕೇಂದ್ರ ಸರಕಾರ 1957ರಲ್ಲಿ ಶುರುಮಾಡಿದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಚೆನ್ನೈಯ ತೂಲಿಕಾ ಬೇರೆ ಭಾಷೆಗಳ ಜೊತೆಗೆ ಕನ್ನಡದಲ್ಲೂ ಚಿತ್ರಪುಸ್ತಕ ತರುತ್ತದೆ, ಅದೇ ಪುಸ್ತಕ ಮಲಯಾಳದಲ್ಲೂ ಸಿಗುವುದು ನಮ್ಮ ಕಡೆಯ ಮನೆಗಳಿಗೆ ಅನುಕೂಲ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಅಲ್ಲಿ ಕತೆಗಳಿಗೆ ಹಂತದ ಅಂಕೆ ಇರುತ್ತದೆ. ರಾತ್ರಿಗೆ ಹಂತ 1 ಸಾಕು, ಅದರಲ್ಲಿ ಇಡೀ ಕತೆಗೆ 250ಕ್ಕಿಂತ ಕಡಿಮೆ ಶಬ್ದ. ಅವು ಮುಕ್ತ ಪರವಾನಗಿಯ ಕತೆಗಳು. ಎಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರನ್ನು ಹಾಗೇ ಇಟ್ಟು ನೀವು ಅಚ್ಚು ಹಾಕಿಸಬಹುದು, ನಿಮ್ಮ ಮನೆಯ ಮಾತಿಗೆ ತಿರುಗಿಸಲೂಬಹುದು. ಪರದೆಯಲ್ಲಿ ಓದುವ ಬದಲು ಪೇಟೆಯ ಡಿಟಿಪಿ ಅಂಗಡಿಯಲ್ಲಿ ದಪ್ಪ ಕಾಗದಕ್ಕೆ ಬಣ್ಣದಲ್ಲಿ ಅಚ್ಚು ಹಾಕಿಸಿ ನಡುವೆ ದಾರ ಹೊಲಿಯಿರಿ. ಪಿನ್ನು ಹೊಡೆಯಬೇಡಿ, ಪಿನ್ನು ಕಿತ್ತುಬಂದರೆ ಮಗುವಿನ ಬಾಯಿಗೇ ಹೋಗುವುದು.

ಕೇರಳದ ಊರೂರಿನಲ್ಲಿ ವಾಚನಾಲಯಗಳಿವೆ. ಮಂಜೇಶ್ವರ, ಕಾಸರಗೋಡು ತಾಲೂಕಿನವುಗಳಲ್ಲಿ ಕನ್ನಡ ಪುಸ್ತಕಗಳ ಕಪಾಟೂ ಕಾಣಸಿಗುತ್ತದೆ. ಮಕ್ಕಳ ಪುಸ್ತಕ ಕಡಿಮೆ ಎಂದಾದರೆ ಜೂನ್ 19ರ ವಾಚನ ದಿನದ ಸಮಯದಲ್ಲಿ ಗ್ರಂಥಪಾಲಕರನ್ನು ಕೇಳಿ, ಪುಸ್ತಕದ ಮಾತಿಗೆ ಎಲ್ಲರ ಕಿವಿಯೂ ತೆರೆದಿರುವ ವಾರ ಅದು.

ಎಚ್ಚರಿಕೆ: ಗುಂಡಿ ಒತ್ತಿದರೆ ಹಾಡುವ ಪುಸ್ತಕಗಳು ಜಾತ್ರೆ ಸಂತೆಯಲ್ಲಿ, ಆಟಿಕೆ ಅಂಗಡಿಯಲ್ಲಿ ಬರುತ್ತವೆ. ಹಾಡು, ಪುಸ್ತಕ ಎರಡೂ ಒಟ್ಟಿಗೆ ಸಿಕ್ಕಿತಲ್ಲ ಎಂದು ತರುವವರಿದ್ದಾರೆ. ರಾತ್ರಿಗೆ ಅದು ಬೇಡವೇ ಬೇಡ. ಸದ್ದು ಕಿವಿಯ ಬುಡದಲ್ಲೇ ಜೋರು. ಅದಕ್ಕಿಂತ ದೊಡ್ಡ ಅಪಾಯ ಒಳಗಿನ ಗುಂಡಿಯಾಕಾರದ ಚಿಕ್ಕ ಬ್ಯಾಟರಿ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಮನೆಯಲ್ಲಿ ಈಗಾಗಲೇ ಇದ್ದರೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯಾ, ಬಿಗಿಯಾಗಿದೆಯಾ ಎಂದು ಇವತ್ತೇ ನೋಡಿ. ನುಂಗಿದ ಸಂಶಯ ಬಂದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ.

ಹಂತ 3: ಮೊದಲು ನೀವೊಬ್ಬರೇ ಗಟ್ಟಿಯಾಗಿ ಓದಿ

ಹಗಲು ಹೊತ್ತಿನಲ್ಲಿ, ಮಗು ಇಲ್ಲದಾಗ ಒಮ್ಮೆ ಬಾಯಿಬಿಟ್ಟು ಓದಿ. ಎಲ್ಲಿ ನಾಲಿಗೆ ತೊಡರುತ್ತದೆ, ಯಾವ ಪುಟ ತಿರುಗಿಸುವ ಮೊದಲು ಸ್ವಲ್ಪ ತಡೆಯಬೇಕು ಎಂದು ಆಗ ಗೊತ್ತಾಗುತ್ತದೆ. ಮತ್ತೆ ಮತ್ತೆ ಬರುವ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ ಇಡಿ, ಹಾಡು ಒಳಗೆ ಬರುವ ಜಾಗ ಅದು. ಗ್ರಂಥಾಲಯದ ಪುಸ್ತಕವಾದರೆ ಚುಕ್ಕೆ ಬೇಡ, ನಡುವೆ ನೂಲಿನ ಎಳೆ ಇಟ್ಟುಕೊಳ್ಳಿ.

ಮಗುವಿಗೆ ಗೊತ್ತಿರದ ಶಬ್ದಗಳನ್ನೂ ಈಗಲೇ ಗುರುತಿಸಿ. ಪುಸ್ತಕದಲ್ಲಿ ಬೆಕ್ಕು, ಮನೆಯ ತುಳುವಿನಲ್ಲಿ ಪುಚ್ಚೆ, ಅಂಗನವಾಡಿಯ ಮಲಯಾಳದಲ್ಲಿ ಪೂಚ್ಚ. ರಾತ್ರಿ ಓದುವಾಗ ನಿಲ್ಲಿಸಿ ಪಾಠ ಮಾಡಬೇಡಿ. ‘ಬೆಕ್ಕು, ನಮ್ಮ ಪುಚ್ಚೆ’ ಎಂದು ಒಂದೇ ಉಸಿರಿನಲ್ಲಿ ಸೇರಿಸಿ ಓದಿ ಮುಂದೆ ಹೋಗಿ. ನಾಲ್ಕನೆಯ ರಾತ್ರಿ ‘ನಮ್ಮ ಪುಚ್ಚೆ’ ಎಂಬುದನ್ನು ಬಿಟ್ಟುಬಿಡಿ, ಅಷ್ಟರಲ್ಲಿ ಬೆಕ್ಕು ಮನೆಗೆ ಬಂದಿರುತ್ತದೆ.

ಹಂತ 4: ಸ್ವರ, ತಾಳ, ರಾಗ

ಹೆದರಬೇಡಿ, ಸಂಗೀತ ಪಾಠ ಆಗಿರಬೇಕು ಎಂದಿಲ್ಲ. ಆದರೆ ಮೂರು ವಿಷಯ ತಿಳಿದಿದ್ದರೆ ಹಾಡು ನಿದ್ದೆ ಬರಿಸುತ್ತದೆ, ತಿಳಿಯದಿದ್ದರೆ ಇದ್ದ ನಿದ್ದೆಯೂ ಹಾರಿಹೋಗುತ್ತದೆ.

ಶ್ರುತಿ, ಎಂದರೆ ನೀವು ಸ್ವರ ಹಿಡಿಯುವ ಎತ್ತರ, ಕೆಳಗಿರಲಿ. ಹಾರ್ಮೋನಿಯಂ ಲೆಕ್ಕದಲ್ಲಿ ಕಛೇರಿಗೆ ಬಿಳಿ 5ರಲ್ಲಿ ಹಾಡುವ ಹೆಂಗಸರು ಮಲಗಿಸುವಾಗ ಬಿಳಿ 3ಕ್ಕೆ ಇಳಿಯಬಹುದು. ಈ ಲೆಕ್ಕ ಗೊತ್ತಿಲ್ಲದವರಿಗೆ ಸುಲಭದ ಪರೀಕ್ಷೆ: ನೀವು ನಿಧಾನವಾಗಿ ಮಾತಾಡುವ ಎತ್ತರದಲ್ಲೇ ಹಾಡಲು ಶುರುಮಾಡಿ. ಕುತ್ತಿಗೆಯ ನರ ಬಿಗಿಯುತ್ತಿದ್ದರೆ ನೀವು ಮೇಲೆ ಹಿಡಿದಿದ್ದೀರಿ.

ತಾಳ ಮೂರು ಮಾತ್ರೆಯದ್ದಿರಲಿ. ಮಾತ್ರೆ ಎಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ‘ತಕಿಟ ತಕಿಟ’ ಎಂದು ಹೇಳಿಕೊಂಡು ತೊಟ್ಟಿಲು ತೂಗಿ ನೋಡಿ, ಕೈ ತಾನಾಗಿ ಹೊಂದಿಕೊಳ್ಳುತ್ತದೆ. ತಿಶ್ರ ನಡೆ ಎನ್ನುವುದು ಇದನ್ನೇ. ಒಂದು ತಕಿಟಕ್ಕೆ ಸುಮಾರು ಒಂದು ಸೆಕೆಂಡು, ಎಂದರೆ ನಿಮಿಷಕ್ಕೆ 60ರಿಂದ 70. ಸಮಾಧಾನದಲ್ಲಿರುವ ದೊಡ್ಡವರ ನಾಡಿಯ ಬಡಿತ ಹೆಚ್ಚುಕಡಿಮೆ ಇಷ್ಟೇ. ಮಗುವನ್ನು ಎದೆಗೆ ಒರಗಿಸಿಕೊಂಡು ಹಾಡುವಾಗ ಎರಡೂ ಒಂದಾಗುತ್ತವೆ. ಗೋಡೆ ಗಡಿಯಾರದ ಮುಳ್ಳನ್ನು ನೋಡಿಕೊಂಡು ಒಂದೆರಡು ದಿನ ಅಭ್ಯಾಸ ಮಾಡಿ. ಹೆಚ್ಚಿನವರು ಬೇಗ ಮಲಗಲಿ ಎಂಬ ಆತುರದಲ್ಲಿ ವೇಗ ಏರಿಸುತ್ತಾರೆ, ಮಗು ಆ ಆತುರವನ್ನೇ ಕೇಳಿಸಿಕೊಳ್ಳುತ್ತದೆ.

ರಾಗದ ವಿಷಯ. ಕರ್ನಾಟಕ ಸಂಗೀತದಲ್ಲಿ ಲಾಲಿ, ಜೋಗುಳಕ್ಕೆ ನೀಲಾಂಬರಿಯನ್ನು ಹಿಡಿಯುವುದು ಹಳೆಯ ರೂಢಿ. 29ನೆಯ ಮೇಳ, ಎಂದರೆ ತಾಯಿರಾಗ, ಧೀರಶಂಕರಾಭರಣದಲ್ಲಿ ಹುಟ್ಟಿದ ರಾಗ ಅದು, ಸ್ವರಗಳು ಒಂದಕ್ಕೊಂದು ಒರಗಿಕೊಂಡು ತೂಗುತ್ತವೆ. ಆನಂದಭೈರವಿ, ಕುರಿಂಜಿ, ನವರೋಜುಗಳೂ ಆಗುತ್ತವೆ. ಪಾಠ ಆದವರು ಇವುಗಳಲ್ಲಿ ಸುಮ್ಮನೆ ಗುನುಗಿದರೂ ಸಾಕು. ಪಾಠ ಆಗದವರಿಗೆ ನಾನು ಮೋಹನ ರಾಗದ ಮೊದಲ ಮೂರು ಸ್ವರ ಹೇಳಿಕೊಡುತ್ತೇನೆ: ಸ, ರಿ, ಗ. ಅಷ್ಟರಲ್ಲೇ ಒಂದು ಜೋಗುಳ ಕಟ್ಟಬಹುದು, ಮುಂದಿನ ಹಂತ ಅದೇ.

ಯಕ್ಷಗಾನದ ಪದಗಳ ಬಗ್ಗೆ ಕೇಳುವವರು ನಮ್ಮಲ್ಲಿ ತುಂಬ ಜನ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕುಂಬಳೆಯ ಪಾರ್ತಿಸುಬ್ಬನ ಊರು ಇದು, ಮಕ್ಕಳಿಗೆ ಆಟದ ಹುಚ್ಚು ಇರುವುದು ಸಂತೋಷದ ವಿಷಯ. ಆದರೆ ಚೆಂಡೆಯ ಧ್ವನಿಮುದ್ರಿಕೆ ಮಲಗುವ ಹೊತ್ತಿಗೆ ಖಂಡಿತ ಬೇಡ. ಚೆಂಡೆ ಇರುವುದೇ ಎಬ್ಬಿಸಲಿಕ್ಕೆ. ಸಂಜೆ ಆರು ಗಂಟೆಗೆ ಹಾಕಿ ಕುಣಿಸಿ, ಚೆನ್ನಾಗಿ ಸುಸ್ತಾಗಲಿ.

ಹಂತ 5: ನಿಮ್ಮದೇ ಒಂದು ಜೋಗುಳ ಕಟ್ಟಿ

ನನಗೆ ಅತಿ ಇಷ್ಟದ ಹಂತ ಇದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪುರಂದರದಾಸರಿಂದ ಹಿಡಿದು ಬೀಸುವ ಕಲ್ಲಿನ ಮುಂದೆ ಹಾಡಿದ ಹೆಂಗಸರ ತನಕ ಕನ್ನಡದಲ್ಲಿ ಜೋಗುಳಗಳಿಗೆ ಬರ ಇಲ್ಲ. ನಿಮ್ಮ ಅಮ್ಮ, ಅಜ್ಜಿ ಹಾಡಿದ್ದು ನೆನಪಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಅದನ್ನೇ ಹಾಡಿ. ಆದರೆ ಪುಸ್ತಕಕ್ಕೆ ಹೊಂದಬೇಕಾದರೆ ಆ ಪುಸ್ತಕದ ಪ್ರಾಣಿ, ಮರ, ಹೊಳೆ ಹಾಡಿನೊಳಗೆ ಬರಬೇಕು. ಅದಕ್ಕೆ ಒಂದು ಖಾಲಿ ಅಚ್ಚು ಬೇಕು. ನಾನು ಮಾಡಿಕೊಂಡದ್ದು ಹೀಗೆ:

ತೋಟ ಮಲಗಿತಲ್ಲ ಜೋಜೊ
ಹೊಳೆಯು ಮಲಗಿತಲ್ಲ ಜೋಜೊ
ಕರುವು ಮಲಗಿತಲ್ಲ ಜೋಜೊ
ನಮ್ಮ ಮಗುವಿಗೀಗ ಜೋಜೊ

ಪ್ರತಿ ಸಾಲಿನಲ್ಲಿ ಮೂರು ಮಾತ್ರೆಯ ನಾಲ್ಕು ತುಂಡು: ತೋಟ, ಮಲಗಿ, ತಲ್ಲ, ಜೋಜೊ. ದೀರ್ಘ ಅಕ್ಷರಕ್ಕೆ ಎರಡು ಮಾತ್ರೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು, ಸೊನ್ನೆ ಇರುವ ಅಥವಾ ಕೊನೆಯಲ್ಲಿ ಅರ್ಧಾಕ್ಷರ ಸೇರಿದ ಅಕ್ಷರಕ್ಕೂ ಎರಡು, ಉಳಿದದ್ದಕ್ಕೆ ಒಂದು. ‘ತೋಟ’ ಎರಡು ಮತ್ತು ಒಂದು, ಮೂರಾಯಿತು. ಒಂದು ತುಂಡಿಗೆ ಒಂದು ಸೆಕೆಂಡಿನಂತೆ ಸಾಲಿಗೆ ನಾಲ್ಕು ಸೆಕೆಂಡು, ಇಡೀ ಪದ್ಯಕ್ಕೆ 16.

ಹಾಡುವುದು ಹೀಗೆ. ಮೊದಲ ಸಾಲಿನ ನಾಲ್ಕು ತುಂಡಿಗೆ ಗ, ರಿ, ಸ, ರಿ. ಎರಡನೆಯ ಸಾಲಿಗೆ ಗ, ರಿ, ಸ, ಸ. ಮೂರು ಮತ್ತು ನಾಲ್ಕಕ್ಕೆ ಅದೇ ಮತ್ತೊಮ್ಮೆ. ಮೊದಲ ಸಾಲಿನ ಕೊನೆ ರಿಯಲ್ಲಿ ತೂಗಾಡುತ್ತ ನಿಲ್ಲುತ್ತದೆ, ಎರಡನೆಯದ್ದು ಸದಲ್ಲಿ ಕೂತುಬಿಡುತ್ತದೆ. ಆ ಕೂರುವಿಕೆಯೇ ಮಗುವಿಗೆ ಬೇಕಾದದ್ದು.

ಈಗ ‘ತೋಟ’ದ ಜಾಗದಲ್ಲಿ ಮೂರು ಮಾತ್ರೆಯ ಯಾವ ಶಬ್ದವನ್ನಾದರೂ ಇಡಬಹುದು: ಕಪ್ಪೆ, ಗುಬ್ಬಿ, ಅಳಿಲು, ಆಮೆ, ಆನೆ, ನವಿಲು, ಮಳೆಯು, ತೆಂಗು, ಬಸ್ಸು. ಮನೆಯ ಮಾತೂ ಕೂರುತ್ತದೆ. ಬೆಕ್ಕು, ಪುಚ್ಚೆ, ಪೂಚ್ಚ ಮೂರೂ ಮೂರೇ ಮಾತ್ರೆ! ತುಳುವಿನ ಚಣಿಲ್ (ಅಳಿಲು) ಕೂಡ. ಹಾಗಾಗಿ ಒಂದೇ ಪದ್ಯದಲ್ಲಿ ಬೆಕ್ಕೂ ಪುಚ್ಚೆಯೂ ಪೂಚ್ಚವೂ ಸಾಲಾಗಿ ಮಲಗಬಹುದು. ಮೂರು ಭಾಷೆಯ ನಡುವೆ ಬೆಳೆಯುವ ಮಗುವಿಗೆ ಇದಕ್ಕಿಂತ ಮೆತ್ತನೆಯ ನಿಘಂಟು ನನಗೆ ಗೊತ್ತಿಲ್ಲ.

ಶಬ್ದ ಉದ್ದವಾದರೆ ತುರುಕಬೇಡಿ. ‘ಬೆಳ್ಳಕ್ಕಿ’ ಎಂದರೆ ಐದು ಮಾತ್ರೆ, ತಾಳ ಮುರಿಯುತ್ತದೆ. ‘ಹಕ್ಕಿ’ ಎನ್ನಿ.

ಹಂತ 6: ಒಂದು ರಾತ್ರಿಯ ಕ್ರಮ

ನಿಮ್ಮ ಕೈಯಲ್ಲಿ 12 ಪುಟದ ಪುಸ್ತಕ ಉಂಟು ಎಂದಿಟ್ಟುಕೊಳ್ಳಿ. ಮಳೆಯ ರಾತ್ರಿ, ಮಲಗಲು ಒಣಗಿದ ಜಾಗ ಹುಡುಕುವ ಬೆಕ್ಕು. ಸೌದೆ ಕೊಟ್ಟಿಗೆಗೆ ಹೋಗುತ್ತದೆ, ಅಲ್ಲಿ ಕೋಳಿ. ಹಟ್ಟಿಗೆ ಹೋಗುತ್ತದೆ, ಅಲ್ಲಿ ಕರು. ಜಗಲಿಗೆ ಬರುತ್ತದೆ, ಅಲ್ಲಿ ನಾಯಿ. ಕೊನೆಗೆ ಒಲೆಯ ಬದಿಯ ಬೆಚ್ಚನೆ ಬೂದಿಯ ಹತ್ತಿರ ಸುರುಳಿ ಸುತ್ತಿಕೊಳ್ಳುತ್ತದೆ.

ದೀಪ ಮಾತ್ರ ಇಟ್ಟು ದೊಡ್ಡ ಬೆಳಕು ಆರಿಸಿ. ಮೊದಲ ಪುಟ ತೆರೆಯುವ ಮೊದಲು ‘ಜೋಜೊ’ ತುಂಡನ್ನು ಬಾಯಿ ಮುಚ್ಚಿ ಎರಡು ಸಲ ಗುನುಗಿ. ಪುಸ್ತಕದ ಹೊತ್ತು ಬಂತು ಎಂಬ ಗುರುತು ಇದು, ದೇವರ ಕೋಣೆಯ ಗಂಟೆಯಿದ್ದ ಹಾಗೆ. ಮತ್ತೆ ಸುಮ್ಮನಾಗಿ ಓದಲು ಹಿಡಿಯಿರಿ. ಓದುವಾಗ ಯಾವ ಸಂಗೀತವೂ ಇಲ್ಲ.

ಕೋಳಿಯ ಪುಟ ಓದಿದ ಮೇಲೆ ನಿಲ್ಲಿ. ಮಗು ಚಿತ್ರ ನೋಡಲಿ. ಈಗ ಒಂದೇ ಸಾಲು ಹಾಡಿ: ‘ಕೋಳಿ ಮಲಗಿತಲ್ಲ ಜೋಜೊ.’ ಪುಟ ತಿರುಗಿಸಿ. ಕರುವಿನ ಪುಟ, ‘ಕರುವು ಮಲಗಿತಲ್ಲ ಜೋಜೊ.’ ನಾಯಿಯ ಪುಟಕ್ಕೆ ಬರುವಾಗ ಸ್ವರ ಇನ್ನೂ ಸಣ್ಣದಾಗಲಿ. ಮೂರನೆಯ ರಾತ್ರಿಯಿಂದ ಈ ಸಾಲಿನ ‘ಜೋಜೊ’ವನ್ನು ಮಗುವೇ ಹೇಳಲು ಶುರುಮಾಡುತ್ತದೆ. ಹೇಳಿದರೆ ಹೊಗಳಿ ಕೋಲಾಹಲ ಮಾಡಬೇಡಿ, ತಲೆ ಸವರಿದರೆ ಸಾಕು. ಹೇಳದಿದ್ದರೂ ತೊಂದರೆ ಇಲ್ಲ.

ಕೊನೆಯ ಪುಟದಲ್ಲಿ ಬೆಕ್ಕು ಸುರುಳಿ ಸುತ್ತಿಕೊಂಡ ಮೇಲೆ ಪುಸ್ತಕ ಮುಚ್ಚಬೇಡಿ. ಚಿತ್ರ ಎದುರಿಗೇ ತೆರೆದಿರಲಿ. ಇಡೀ ಜೋಗುಳ ಒಂದು ಸಲ ಹಾಡಿ. ಆಮೇಲೆ ಪುಸ್ತಕ ಮುಚ್ಚಿ ದೀಪ ಆರಿಸಿ, ಕತ್ತಲಲ್ಲಿ ಅದೇ ಪದ್ಯವನ್ನು ಇನ್ನೂ ನಿಧಾನವಾಗಿ, ಇನ್ನೂ ಮೆಲ್ಲಗೆ ಹಾಡಿ. ಕೋಳಿ, ಕರು, ನಾಯಿ, ಬೆಕ್ಕು ಮಗುವಿನ ಮುಚ್ಚಿದ ಕಣ್ಣಿನೊಳಗೆ ಒಂದೊಂದಾಗಿ ಬಂದು ಮಲಗುತ್ತವೆ. ಚಿತ್ರಪುಸ್ತಕಕ್ಕೆ ಹಾಡು ಸೇರಿಸುವುದರ ಪ್ರಯೋಜನ ಇಲ್ಲಿ ಕಾಣುತ್ತದೆ, ಬೆಳಕು ಹೋದ ಮೇಲೂ ಪುಟಗಳು ಉಳಿಯುತ್ತವೆ. ನಾಲ್ಕೈದು ಸಲದ ನಂತರ ಶಬ್ದ ಬಿಟ್ಟು ಬರೀ ಗುನುಗಿ, ಮತ್ತೆ ನಿಲ್ಲಿಸಿ. ಪೂರ್ತಿ ನಿದ್ದೆ ಬರುವ ತನಕ ಹಾಡಬೇಡಿ. ಕಣ್ಣು ಎಳೆಯುತ್ತಿರುವಾಗಲೇ ಹಾಡು ನಿಂತರೆ ಉಳಿದ ಸ್ವಲ್ಪ ದೂರವನ್ನು ಮಗು ತಾನೇ ನಡೆಯಲು ಕಲಿಯುತ್ತದೆ, ನಡುರಾತ್ರಿ ಎಚ್ಚರವಾದಾಗಲೂ ಅದೇ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ‘ಇದು ಯಾವ ಪ್ರಾಣಿ? ಇದು ಯಾವ ಅಕ್ಷರ?’ ಎಂದು ಕೇಳುವುದು. ಹಗಲಿನ ಓದಿಗೆ ಪ್ರಶ್ನೆ ಚೆಂದ, ಮಗುವಿನ ಮಾತು ಅದರಿಂದ ಬೆಳೆಯುತ್ತದೆ. ರಾತ್ರಿ ಪ್ರಶ್ನೆ ಕೇಳಿದರೆ ತಲೆ ಎಚ್ಚರಗೊಳ್ಳುತ್ತದೆ. ಕನ್ನಡ ಶಾಲೆಗೆ ಸೇರಿಸಲಿದ್ದೇವೆ, ಅಕ್ಷರ ಬೇಗ ಬರಲಿ ಎಂಬ ಕಳವಳ ನಮ್ಮ ಗಡಿಯ ಮನೆಗಳಲ್ಲಿ ಎಷ್ಟು ಎಂದು ನನಗೆ ಗೊತ್ತು. ಆದರೂ ಆ ಇಪ್ಪತ್ತು ನಿಮಿಷವನ್ನು ಪಾಠಕ್ಕೆ ಕೊಡಬೇಡಿ. ಮಗುವಿಗೆ ಕನ್ನಡ ಮೊದಲು ಬೆಚ್ಚಗಾಗಬೇಕು, ಅಕ್ಷರ ಆಮೇಲೆ ಬರುತ್ತದೆ.

ಹಂತ 7: ಧ್ವನಿಮುದ್ರಿಕೆ ಬೇಕೇ ಬೇಕಾದರೆ

ಗಂಟಲು ಕಟ್ಟಿದಾಗ, ಎರಡನೆಯ ಮಗು ಅಳುತ್ತಿರುವಾಗ ಹಾಡುವುದು ಆಗದು. ಆಗ ಮುದ್ರಿಸಿದ ಸಂಗೀತ ಹಾಕಬಹುದು, ಪುಸ್ತಕ ಮುಚ್ಚಿದ ಮೇಲೆ. ಮಾತಿಲ್ಲದ ವಾದ್ಯವೇ ಒಳ್ಳೆಯದು: ವೀಣೆ, ಕೊಳಲು, ಬರೀ ತಂಬೂರಿ. ಉಚಿತ ಆ್ಯಪ್‌ನಲ್ಲಿ ಹಾಕಿದರೆ ನಡುವೆ ಜಾಹೀರಾತು ಕಿರಿಚುತ್ತದೆ. ನನ್ನ ಮಗಳು ಹಾಗೆ ಬೆಚ್ಚಿಬಿದ್ದು ಎದ್ದ ರಾತ್ರಿ ಮತ್ತೆ ಮಲಗಿದ್ದು ಹನ್ನೊಂದಕ್ಕೆ. ಹಾಡನ್ನು ಮೊದಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, 20 ನಿಮಿಷಕ್ಕೆ ತಾನಾಗಿ ನಿಲ್ಲುವಂತೆ ಟೈಮರ್ ಇಡಿ.

ಫೋನು ಮಗುವಿನಿಂದ ಎರಡು ಮೀಟರ್ ದೂರದಲ್ಲಿ, ಪರದೆ ಕೆಳಗೆ ಮಾಡಿ ಇರಲಿ. ಸದ್ದು 50 ಡೆಸಿಬಲ್ ದಾಟಬಾರದು. ಡೆಸಿಬಲ್ ಎಂದರೆ ಸದ್ದಿನ ಅಳತೆ. ಪಿಸುಮಾತು ಸುಮಾರು 30, ನಾವು ಎದುರುಬದುರು ಆಡುವ ಮಾತು ಸುಮಾರು 60, ಇವೆರಡರ ನಡುವೆ ಇರಲಿ. ತೊಟ್ಟಿಲೊಳಗೆ, ತಲೆದಿಂಬಿನ ಕೆಳಗೆ ಫೋನು ಇಡಬೇಡಿ. ಇಯರ್‌ಫೋನು ಯಾವ ಕಾರಣಕ್ಕೂ ಬೇಡ. ಒಂದು ವರ್ಷದೊಳಗಿನ ಕೂಸು ಮಲಗುವ ಜಾಗದಲ್ಲಿ ಪುಸ್ತಕ, ಮೆತ್ತನೆಯ ಬೊಂಬೆ ಕೂಡ ಬಿಡಬಾರದು, ಮುಖ ಮುಚ್ಚಿ ಉಸಿರು ಕಟ್ಟುವ ಅಪಾಯ ಇದೆ.

ಗಲ್ಫಿನಲ್ಲಿ ಅಪ್ಪ ಇರುವ ಮನೆಗಳಿಗೆ ಒಂದು ಮಾತು. ಇಲ್ಲಿ ಎಂಟೂವರೆ ಆಗುವಾಗ ದುಬೈಯಲ್ಲಿ ಏಳು, ಸೌದಿ, ಕುವೈತಿನಲ್ಲಿ ಆರು ಗಂಟೆ. ಕೆಲಸ ಬಿಟ್ಟು ಬಂದು ಅವರು ವೀಡಿಯೊ ಕರೆ ಮಾಡುವುದೂ, ಮಗು ಮಲಗುವುದೂ ಒಂದೇ ಹೊತ್ತಿಗೆ ಬೀಳುತ್ತದೆ. ಕರೆ ಮುಗಿದ ಮೇಲೆ ಮಗುವಿಗೆ ನಿದ್ದೆಯೂ ಇಲ್ಲ, ಅಪ್ಪನೂ ಇಲ್ಲ. ಸಾಧ್ಯವಾದರೆ ಕರೆಯನ್ನು ಊಟಕ್ಕೆ ಮೊದಲೇ ಮುಗಿಸಿ. ಆಗದಿದ್ದರೆ ರಜಾದಿನದಲ್ಲಿ ಅಪ್ಪನ ಹತ್ತಿರ ಅದೇ ಜೋಗುಳವನ್ನು ವಾಟ್ಸಾಪ್ ಧ್ವನಿ ಸಂದೇಶವಾಗಿ ಹಾಡಿಸಿ ಕಳಿಸಲು ಹೇಳಿ. ಪುಸ್ತಕ ಅಮ್ಮ ಓದಲಿ, ದೀಪ ಆರಿದ ಮೇಲೆ ಅಪ್ಪನ ಸ್ವರ ಬರಲಿ. ಶ್ರುತಿ ಸೇರದಿದ್ದರೂ ಅಡ್ಡಿ ಇಲ್ಲ, ಆ ಸ್ವರದ ಗುರುತು ಮಗುವಿಗೆ ಉಂಟು.

ಮಳೆಗಾಲದಲ್ಲಿ ಒಂದು ಅನುಕೂಲ ತಾನಾಗಿ ಒದಗುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಜೂನಿನಿಂದ ಆಟಿ ತಿಂಗಳು (ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮುಗಿಯುವ ತನಕ ಹಂಚಿನ ಮೇಲೆ ಬೀಳುವ ಮಳೆಯ ಒಂದೇ ಸಮನೆ ಸದ್ದಿಗಿಂತ ಒಳ್ಳೆಯ ತಂಬೂರಿ ಇಲ್ಲ. ಅಂತಹ ರಾತ್ರಿ ಯಾವ ವಾದ್ಯವೂ ಬೇಡ. ಕರೆಂಟು ಹೋದರೆ ಟಾರ್ಚಿನ ಮೇಲೆ ತೆಳು ಬಟ್ಟೆ ಕಟ್ಟಿ ಓದಿ. ಚಿಮಿಣಿ ದೀಪವನ್ನು ಹಾಸಿಗೆಯ ಹತ್ತಿರ ತರಬೇಡಿ. ತಗಡಿನ ಮಾಡಿನ ಮನೆಯಲ್ಲಿ ಮಾತ್ರ ಜೋರು ಮಳೆಗೆ ಓದಿದ್ದು ಕೇಳಿಸದು. ಅಂದು ಪುಸ್ತಕದ ಚಿತ್ರಗಳನ್ನು ಸುಮ್ಮನೆ ತಿರುಗಿಸಿ ನೋಡಿ, ಹಾಡನ್ನು ಕಿವಿಯ ಹತ್ತಿರ ಹಾಡಿ.

ಹಂತ 8: ಹತ್ತು ರಾತ್ರಿ ಬದಲಿಸಬೇಡಿ

ಒಂದೇ ಪುಸ್ತಕ, ಒಂದೇ ಹಾಡು, ಹತ್ತು ರಾತ್ರಿ. ನಮಗೆ ಬೇಸರ ಬರುತ್ತದೆ, ಮಗುವಿಗೆ ಬರುವುದಿಲ್ಲ. ಮುಂದಿನ ಪುಟದಲ್ಲಿ ಏನಿದೆ ಎಂದು ಮೊದಲೇ ಗೊತ್ತಿರುವುದೇ ಮಗುವಿಗೆ ನೆಮ್ಮದಿ. ಮೊದಲ ಎರಡು ಮೂರು ರಾತ್ರಿ ಅದು ಎದ್ದು ಕೂರಬಹುದು, ಪುಟ ಹಾರಿಸಬಹುದು, ಪುಸ್ತಕ ಕಸಿಯಬಹುದು. ಕೈಬಿಡಬೇಡಿ. ಐದನೆಯ ರಾತ್ರಿಯೂ ಹಾಗೇ ಆದರೆ ಪುಸ್ತಕ ಉದ್ದವಾಯಿತು ಎಂದರ್ಥ, ಅರ್ಧ ಪುಟಗಳನ್ನು ಬಿಟ್ಟು ಓದಿ. ಹತ್ತು ರಾತ್ರಿಯ ನಂತರ ಪುಸ್ತಕ ಬದಲಿಸಬಹುದು. ಆದರೆ ಹಾಡಿನ ಅಚ್ಚು ಅದೇ ಇರಲಿ, ಒಳಗಿನ ಪ್ರಾಣಿಗಳು ಮಾತ್ರ ಬೇರೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಮತ್ತೆ ಮೊದಲಿನ ದಿನಕ್ಕೇ ಬರುತ್ತೀರಿ.

ಬೇರೆ ಬೇರೆ ವಯಸ್ಸಿನ ಇಬ್ಬರು ಮಕ್ಕಳಿದ್ದರೆ ಚಿಕ್ಕವರ ಪುಸ್ತಕವನ್ನೇ ಓದಿ, ಪುಟ ತಿರುಗಿಸುವ ಕೆಲಸ ದೊಡ್ಡವರಿಗೆ. ಆರು ವರ್ಷದವರಿಗೆ ಹೊಸ ಸಾಲು ಕಟ್ಟಲೂ ಬರುತ್ತದೆ, ಮೂರು ಮಾತ್ರೆಯ ಶಬ್ದ ಹುಡುಕುವ ಆಟವನ್ನು ಹಗಲು ಆಡಿಸಿ.

ಇನ್ನೊಂದು ಸಣ್ಣ ಕೆಲಸ ಮರೆಯಬೇಡಿ. ಪುಸ್ತಕ ನಿಮ್ಮದೇ ಆದರೆ ಅದರ ಹಿಂಬದಿಯ ರಟ್ಟಿನ ಒಳಬದಿಯಲ್ಲಿ, ಗ್ರಂಥಾಲಯದ್ದಾದರೆ ಒಂದು ಚೀಟಿಯಲ್ಲಿ, ನೀವು ಹಾಡುವ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ. ಎಲ್ಲಿ ನಿಲ್ಲಬೇಕು, ದೀಪ ಯಾವಾಗ ಆರಿಸಬೇಕು ಎಂಬುದನ್ನೂ ಸೇರಿಸಿ. ನಿಮಗೆ ಜ್ವರ ಬಂದ ದಿನ, ಮದುವೆಗೆ ಹೋಗಿ ತಡವಾದ ದಿನ ಅಜ್ಜನೋ ಚಿಕ್ಕಮ್ಮನೋ ಕನ್ನಡಕ ಹಾಕಿಕೊಂಡು ಅದನ್ನು ನೋಡಿ ಹಾಡಬಹುದು. ಅವರು ಎಲ್ಲಿಯಾದರೂ ಒಂದು ಪ್ರಾಣಿಯನ್ನು ಬಿಟ್ಟರೆ ಮಗು ಕಣ್ಣು ಮುಚ್ಚಿಕೊಂಡೇ ಹೇಳಿಕೊಡುತ್ತದೆ.